ಆಸ್ಪತ್ರೆ ಷೇರು ಕೊಳ್ಳುವ ಮುನ್ನ ಹಾಸಿಗೆ ಎಣಿಸಿ

ಅಮ್ಮನ ಮಂಡಿ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 5 ದಿನ ಉಳಿದಿದ್ದೆ. ರಾತ್ರಿ ನಿದ್ದೆ ಬಾರದೆ ಕಾರಿಡಾರಿನಲ್ಲಿ ಓಡಾಡುತ್ತಾ ನಮ್ಮ ಮಹಡಿಯ ಕೋಣೆಗಳನ್ನು ಎಣಿಸಿದೆ. 22ರಲ್ಲಿ 17 ಭರ್ತಿ, 5 ಖಾಲಿ. ಖಾಲಿ ಇವೆಯೆಂದು ಆ ರಾತ್ರಿ ನರ್ಸ್‌ಗಳೇನೂ ಕಡಿಮೆ ಇರಲಿಲ್ಲ, ಲಿಫ್ಟ್ ನಿಂತಿರಲಿಲ್ಲ. ಆಸ್ಪತ್ರೆ ಕಂಪನಿಯ ಲಾಭ ನಷ್ಟ ತೀರ್ಮಾನವಾಗುವುದು ಈ 5 ಕೋಣೆಗಳಲ್ಲೇ ಎಂಬುದು ಆಮೇಲೆ ವಾರ್ಷಿಕ ವರದಿಗಳನ್ನು ಓದಲು ಕೂತಾಗ ತಿಳಿಯಿತು. ಆ ಓದುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಬೇರ್ಪಡಿಸಿ

‘ಹೆಲ್ತ್‌ಕೇರ್ ಷೇರು’ ಎಂಬ ಒಂದೇ ಹೆಸರಿನಡಿ ನಾಲ್ಕಾರು ಬೇರೆ ಬೇರೆ ವ್ಯಾಪಾರಗಳಿವೆ. ಅಮೆರಿಕಕ್ಕೆ ಔಷಧ ಕಳಿಸುವ ಕಂಪನಿಯ ಷೇರು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಪಾಸಣಾ ವರದಿಯ ಒಂದೇ ಏಟಿಗೆ ಕುಸಿಯಬಹುದು. ಕೋವಿಡ್ ಕಾಲದಲ್ಲಿ ಏರಿದ ಲ್ಯಾಬ್ ಕಂಪನಿಗಳ ಷೇರುಗಳು ಪರೀಕ್ಷೆಗಳ ಭರಾಟೆ ಮುಗಿದಂತೆ ಇಳಿದವು. ಆರೋಗ್ಯ ವಿಮೆಯ ಲೆಕ್ಕವಂತೂ ಪೂರ್ತಿ ಬೇರೆ. ಹೊಸಬರಿಗೆ ನನ್ನ ಸಲಹೆ ಆಸ್ಪತ್ರೆಯಿಂದ ಆರಂಭಿಸಿ ಎಂದು. ಅದರ ವ್ಯಾಪಾರವನ್ನು ನಾವು ಕಣ್ಣಾರೆ ಕಂಡಿರುತ್ತೇವೆ.

ಕಂಪನಿಯ ಜಾಲತಾಣದ ಹೂಡಿಕೆದಾರರ ವಿಭಾಗದಲ್ಲಿ ಕನಿಷ್ಠ 5 ವರ್ಷದ ವಾರ್ಷಿಕ ವರದಿ ಮತ್ತು ತ್ರೈಮಾಸಿಕ ಪ್ರೆಸೆಂಟೇಶನ್‌ಗಳನ್ನು ಇಳಿಸಿಕೊಳ್ಳಿ. ಹಾಸಿಗೆಯ ಅಂಕಿಗಳು ಪ್ರೆಸೆಂಟೇಶನ್‌ನಲ್ಲಿ ಸಿಗುತ್ತವೆ. ಸಾಲ, ಮೊಕದ್ದಮೆಗಳು ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಇರುತ್ತವೆ.

ಹಾಸಿಗೆ ಲೆಕ್ಕ

‘1,000 ಹಾಸಿಗೆಯ ಆಸ್ಪತ್ರೆ’ ಎಂದರೆ ಕಟ್ಟಡದಲ್ಲಿ ಹಿಡಿಸುವಷ್ಟು ಇರಬಹುದು. ಈಗ ಬಳಕೆಯಲ್ಲಿರುವುದು ಅದಕ್ಕಿಂತ ಕಡಿಮೆ. ಡೇ ಕೇರ್, ಡಯಾಲಿಸಿಸ್, ತುರ್ತು ಘಟಕದ ಹಾಸಿಗೆಗಳನ್ನು ಬಿಟ್ಟರೆ ಇನ್ನೂ ಕಡಿಮೆ. ‘ಶೇ 70 ಭರ್ತಿ’ ಎಂದಾಗ ಯಾವ ಸಂಖ್ಯೆಯ ಶೇ 70 ಎಂದು ಅಡಿಟಿಪ್ಪಣಿಯಲ್ಲಿ ನೋಡಿ. ಇದನ್ನು ನೋಡದೆ ಎರಡು ಕಂಪನಿಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಮುಂದಿನ ಅಂಕಿ ವಿಶ್ಲೇಷಕರ ಬಾಯಲ್ಲಿ ‘ಆರ್ಪಾಬ್’: ಭರ್ತಿಯಾದ ಒಂದು ಹಾಸಿಗೆಯಿಂದ ಬರುವ ಸರಾಸರಿ ಆದಾಯ. ಕೆಲವು ಕಂಪನಿಗಳು ದಿನಕ್ಕೆ ಇಷ್ಟು ಎನ್ನುತ್ತವೆ, ಕೆಲವು ವರ್ಷಕ್ಕೆ. ವರ್ಷದ್ದಾದರೆ 365ರಿಂದ ಭಾಗಿಸಿ.

ಈಗೊಂದು ಕಲ್ಪಿತ ಉದಾಹರಣೆ. 300 ಹಾಸಿಗೆ, ಶೇ 60 ಭರ್ತಿ, ಹಾಸಿಗೆಗೆ ದಿನಕ್ಕೆ 40,000 ರೂಪಾಯಿ. ಅಂದರೆ 180 ಹಾಸಿಗೆ, ದಿನಕ್ಕೆ 72 ಲಕ್ಷ, ವರ್ಷಕ್ಕೆ ಸುಮಾರು 263 ಕೋಟಿ. ಇದರಲ್ಲಿ ಶೇ 15 ಕಾರ್ಯಾಚರಣೆ ಲಾಭ ಎಂದಿಟ್ಟುಕೊಂಡರೆ ಸುಮಾರು 39 ಕೋಟಿ. ಭರ್ತಿ ಶೇ 70ಕ್ಕೆ ಏರಿತು ಎನ್ನಿ. ಆದಾಯ ಸುಮಾರು 307 ಕೋಟಿಯಾಗುತ್ತದೆ, 44 ಕೋಟಿ ಹೆಚ್ಚು. ಸಂಬಳ, ಕಟ್ಟಡ, ಯಂತ್ರಗಳ ಖರ್ಚು ಮೊದಲಿನಷ್ಟೇ. ಔಷಧ, ಸಾಮಗ್ರಿ, ವೈದ್ಯರ ಪಾಲು ಎಂದು ಹೆಚ್ಚುವರಿ ಹಣದಲ್ಲಿ ಶೇ 40 ಹೋದರೂ 26 ಕೋಟಿ ಉಳಿಯಿತು. ಆದಾಯ ಏರಿದ್ದು ಆರನೇ ಒಂದು ಭಾಗ, ಲಾಭ ಏರಿದ್ದು ಮೂರನೇ ಎರಡು ಭಾಗ! ಭರ್ತಿ ಇಳಿದರೆ ಇದೇ ಲೆಕ್ಕ ತಿರುಗುಮುರುಗು.

ಆರ್ಪಾಬ್ ಏರಿತೆಂದು ಕೂಡಲೇ ಸಂತೋಷಪಡಬೇಡಿ. 5 ದಿನಕ್ಕೆ 2 ಲಕ್ಷ ಬಿಲ್ ಕಟ್ಟಿದ ರೋಗಿ ಅದೇ ಬಿಲ್ಲಿಗೆ 4ನೇ ದಿನ ಡಿಸ್ಚಾರ್ಜ್ ಆದರೆ ದಿನದ ಆದಾಯ 40,000ದಿಂದ 50,000ಕ್ಕೆ ಜಿಗಿಯುತ್ತದೆ, ಕಂಪನಿಗೆ ಒಂದು ರೂಪಾಯಿಯೂ ಹೆಚ್ಚು ಬಂದಿರುವುದಿಲ್ಲ. ಖಾಲಿಯಾದ ಹಾಸಿಗೆಗೆ ಮತ್ತೊಬ್ಬ ರೋಗಿ ಬಂದರಷ್ಟೇ ಲಾಭ. ಆದ್ದರಿಂದ ಸರಾಸರಿ ಎಷ್ಟು ದಿನ ಉಳಿಯುತ್ತಾರೆ, ಒಬ್ಬ ರೋಗಿಯಿಂದ ಒಟ್ಟು ಎಷ್ಟು ಬರುತ್ತದೆ ಎಂಬ ಅಂಕಿಗಳನ್ನು ಪಕ್ಕದಲ್ಲೇ ಬರೆದುಕೊಳ್ಳಿ.

ಆರ್ಪಾಬ್ ಎಂದರೆ ಯಾರೋ ಒಬ್ಬರ ಮನೆಯವರು ಕಟ್ಟಿದ ಬಿಲ್ಲು ಎಂಬುದನ್ನು ನಾನು ಮರೆಯಲಾರೆ. ಬರೀ ದರ ಏರಿಸಿ ಬೆಳೆಯುವ ಕಂಪನಿಗಿಂತ ಹೆಚ್ಚು ರೋಗಿಗಳಿಗೆ ಚಿಕಿತ್ಸೆ ಕೊಟ್ಟು ಬೆಳೆಯುವ ಕಂಪನಿಯೇ ನನಗೆ ಮೆಚ್ಚು. ದರ ಏರಿಸುವುದಕ್ಕೆ ಒಂದು ಮಿತಿ ಇದ್ದೇ ಇರುತ್ತದೆ, ಆ ಮಿತಿಯನ್ನು ಸರ್ಕಾರವೇ ಹೇರುವುದೂ ಉಂಟು.

ಹೊಸ ಆಸ್ಪತ್ರೆಯ ಬಾಣಂತನ

ಇಲ್ಲಿ ತುಸು ನಿಧಾನಿಸಿ. ಹೊಸ ಆಸ್ಪತ್ರೆ ಬಾಗಿಲು ತೆರೆದ ದಿನದಿಂದಲೇ ಸಂಬಳ, ಬಡ್ಡಿ, ಸವಕಳಿ (ಕಟ್ಟಡ, ಯಂತ್ರ ಹಳತಾಗುವ ಲೆಕ್ಕದ ಖರ್ಚು) ಪೂರ್ತಿ ಶುರು. ರೋಗಿಗಳು ಬರುವುದು ಮಾತ್ರ ನಿಧಾನ, ಏಕೆಂದರೆ ಊರಿನ ನಂಬಿಕೆ ಒಂದೆರಡು ತಿಂಗಳಲ್ಲಿ ಹುಟ್ಟುವುದಿಲ್ಲ.

ನಮ್ಮ ಬೊಮ್ಮಸಂದ್ರದಲ್ಲಿ 2000ದಲ್ಲಿ ಡಾ. ದೇವಿ ಶೆಟ್ಟಿ ಆರಂಭಿಸಿದ ನಾರಾಯಣ ಹೃದಯಾಲಯದ್ದೇ ಕಥೆ ತೆಗೆದುಕೊಳ್ಳಿ. 2015ರ ಡಿಸೆಂಬರ್‌ನಲ್ಲಿ ಷೇರಿಗೆ 250 ರೂಪಾಯಿಯಂತೆ ಸಾರ್ವಜನಿಕರಿಗೆ ಮಾರಿತು. ಮುಂದೆ ಮುಂಬೈ, ದೆಹಲಿ, ಗುರುಗ್ರಾಮದ ಹೊಸ ಆಸ್ಪತ್ರೆಗಳು ನಷ್ಟದಲ್ಲಿ ನಡೆದವು. ಕಾದವರಿಗೆ 2020ರ ಮಾರ್ಚ್‌ನಲ್ಲೂ ಷೇರು ಕೊಂಡ ಬೆಲೆಯ ಆಸುಪಾಸಿನಲ್ಲೇ ಕಂಡಿತು. ಆಮೇಲೆ ಆ ಆಸ್ಪತ್ರೆಗಳ ನಷ್ಟ ತಗ್ಗಿತು. 2014ರಲ್ಲಿ ಕೆರಿಬಿಯನ್ನಿನ ಕೇಮನ್ ದ್ವೀಪದಲ್ಲಿ ತೆರೆದಿದ್ದ ಆಸ್ಪತ್ರೆ ಕೈತುಂಬ ಲಾಭ ಕೊಡತೊಡಗಿತು. 2023ರಲ್ಲಿ ಷೇರು 1,000 ರೂಪಾಯಿ ದಾಟಿತು. ಬೇಗ ಬೇಸತ್ತು ಮಾರಿದವರು ನೋಡಿದ್ದು ಕಂಪನಿಯ ಒಟ್ಟು ಲಾಭವನ್ನು ಮಾತ್ರ. ಹಳೆಯ ಆಸ್ಪತ್ರೆಗಳದ್ದು ಎಷ್ಟು, ಹೊಸವುಗಳದ್ದು ಎಷ್ಟು, ವಿದೇಶದ್ದು ಎಷ್ಟು ಎಂದು ಬಿಡಿಸಿ ನೋಡಿದವರಿಗೆ ಕಾಯಲು ಕಾರಣವಿತ್ತು. ನೀವೂ ಬಿಡಿಸಿಯೇ ನೋಡಿ.

ಕೊಟ್ಟ ಅಂಕಿಗಳಲ್ಲಿ ಒಂದೇ ಸಲ ಬಂದ ಹಣವನ್ನೂ ಕಳೆಯಬೇಕು. ಆಸ್ಟರ್ ಡಿಎಂ ಎಂಬ ಆಸ್ಪತ್ರೆ ಕಂಪನಿ 2024ರಲ್ಲಿ ಗಲ್ಫ್ ವ್ಯವಹಾರದಿಂದ ಹೊರಬಂದು ಷೇರಿಗೆ 118 ರೂಪಾಯಿ ವಿಶೇಷ ಲಾಭಾಂಶ ಕೊಟ್ಟಿತು. ಅದು ಪ್ರತಿ ವರ್ಷ ಬರುವ ಹಣವಲ್ಲ.

ಬಿಲ್ ಕಟ್ಟುವವರು ಯಾರು?

ನಗದು, ವಿಮೆ, ಸರ್ಕಾರಿ ಯೋಜನೆ, ವಿದೇಶಿ ರೋಗಿ, ಪ್ರತಿಯೊಂದರ ಪಾಲು ಎಷ್ಟೆಂದು ನೋಡಿ. ಆಯುಷ್ಮಾನ್ ಭಾರತ್, ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನಂಥ ಯೋಜನೆಗಳಲ್ಲಿ ದರ ಕಡಿಮೆ, ಹಣ ಕೈಸೇರುವುದೂ ತಡ. ಬ್ಯಾಲೆನ್ಸ್ ಶೀಟಿನಲ್ಲಿ ‘ಬರಬೇಕಾದ ಬಾಕಿ’ ಆದಾಯಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೆ ಎಚ್ಚರ. ಹಾಗೆಂದು ಯೋಜನೆಯ ರೋಗಿಗಳೆಂದರೆ ನಷ್ಟ ಎಂದುಕೊಳ್ಳಬೇಡಿ. ಖಾಲಿ ಬೀಳುವ ಹಾಸಿಗೆಯನ್ನು ತುಂಬುವವರು ಅವರೇ. 2025ರ ಅಕ್ಟೋಬರ್‌ನಲ್ಲಿ ಸಿಜಿಎಚ್‌ಎಸ್ ದರಗಳು ಪರಿಷ್ಕರಣೆಯಾಗಿ ಹೆಚ್ಚಿದಾಗ ಆಸ್ಪತ್ರೆ ಷೇರುಗಳೂ ಏರಿದವು.

ಸರ್ಕಾರದ ಕೈ ಬೇರೆ ಕಡೆಯಿಂದಲೂ ಬರುತ್ತದೆ. 2017ರ ಫೆಬ್ರುವರಿಯಲ್ಲಿ ಹೃದಯದ ರಕ್ತನಾಳದಲ್ಲಿಡುವ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಗರಿಷ್ಠ ಬೆಲೆ ನಿಗದಿಯಾಯಿತು, ಆಗಸ್ಟ್‌ನಲ್ಲಿ ಕೃತಕ ಮಂಡಿಗೂ ಬಂತು. ರೋಗಿಗಳಿಗೆ ಇದು ದೊಡ್ಡ ನೆರವು, ಹೃದಯ ಮತ್ತು ಮೂಳೆ ಚಿಕಿತ್ಸೆಯಿಂದಲೇ ಹೆಚ್ಚು ಗಳಿಸುತ್ತಿದ್ದ ಕಂಪನಿಗಳಿಗೆ ಪೆಟ್ಟು. ಅದೇ ವರ್ಷ ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಯ ತಿದ್ದುಪಡಿ ವಿರೋಧಿಸಿ ನಮ್ಮ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಇಂಥ ದಿನಗಳು ಮತ್ತೆ ಬರುತ್ತವೆ ಎಂದೇ ಎಣಿಸಿ, ಆದಾಯ ಒಂದೇ ವಿಭಾಗದ ಮೇಲೆ ನಿಂತಿಲ್ಲದ ಕಂಪನಿಯನ್ನು ಹುಡುಕಿ.

ಪ್ರವರ್ತಕರು, ಅಂದರೆ ಕಂಪನಿಯ ಮುಖ್ಯ ಮಾಲೀಕರು, ಸಾಲಕ್ಕಾಗಿ ತಮ್ಮ ಷೇರುಗಳನ್ನು ಒತ್ತೆ ಇಟ್ಟಿದ್ದಾರೆಯೇ ಎಂಬುದನ್ನೂ ನೋಡಿ. ಅದು 3 ತಿಂಗಳಿಗೊಮ್ಮೆ ಪ್ರಕಟವಾಗುವ ಷೇರುದಾರರ ಪಟ್ಟಿಯಲ್ಲಿ 2 ನಿಮಿಷದಲ್ಲಿ ಗೊತ್ತಾಗುತ್ತದೆ.

ಕಡೆಗೆ ಬೆಲೆ

ಕಂಪನಿಯ ಮಾರುಕಟ್ಟೆ ಮೌಲ್ಯಕ್ಕೆ ಸಾಲ ಕೂಡಿಸಿ, ಕೈಯಲ್ಲಿರುವ ನಗದು ಕಳೆಯಿರಿ. ಬಂದದ್ದನ್ನು ಬಳಕೆಯಲ್ಲಿರುವ ಹಾಸಿಗೆಗಳಿಂದ ಭಾಗಿಸಿ. ಮಾರುಕಟ್ಟೆ ಒಂದು ಹಾಸಿಗೆಗೆ ಎಷ್ಟು ಕೊಡುತ್ತಿದೆ ಎಂಬುದು ಸಿಗುತ್ತದೆ. ಅದೇ ಕಂಪನಿ ಹೊಸ ಆಸ್ಪತ್ರೆ ಘೋಷಿಸಿದಾಗ ಹೇಳಿದ ವೆಚ್ಚವನ್ನು ಅದರ ಹಾಸಿಗೆಗಳಿಂದ ಭಾಗಿಸಿದರೆ, ಕಟ್ಟಲು ಎಷ್ಟು ಬೇಕೆಂಬುದು ಸಿಗುತ್ತದೆ. ಹೆಸರು, ವೈದ್ಯರ ತಂಡ, ನಗರದ ನಡುವಿನ ಜಾಗಕ್ಕೆ ಒಂದಿಷ್ಟು ಹೆಚ್ಚು ಕೊಡುವುದು ನ್ಯಾಯವೇ. ಎಷ್ಟು ಹೆಚ್ಚು ಎಂಬುದನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದಿಡಿ.

ಅಮ್ಮ ಇದ್ದ ಆಸ್ಪತ್ರೆಯ ಕಂಪನಿಗೂ ಈ ಲೆಕ್ಕ ಹಾಕಿದೆ. ಹಾಸಿಗೆಗಳು ತುಂಬುತ್ತಿವೆ, ಸಾಲ ಹೆಚ್ಚಿಲ್ಲ, ಬಾಕಿಯೂ ಹತೋಟಿಯಲ್ಲಿದೆ. ಬೆಲೆ ಮಾತ್ರ ನಾನು ಬರೆದಿಟ್ಟದ್ದಕ್ಕಿಂತ ಬಹಳ ಮೇಲಿದೆ. ಇನ್ನೂ ಕೊಂಡಿಲ್ಲ. ಪ್ರತಿ ತ್ರೈಮಾಸಿಕ ಫಲಿತಾಂಶ ಬಂದಾಗ ನೋಟ್‌ಬುಕ್ಕಿನಲ್ಲಿ ಹೊಸದೊಂದು ಸಾಲು ಬರೆಯುತ್ತಿದ್ದೇನೆ.