ಬ್ರೇಕ್ ಸರ್ವಿಸ್‌ಗೆ ಹೂಂ ಅನ್ನುವ ಮೊದಲು ಮಿಲಿಮೀಟರ್ ಕೇಳಿ

ಕಾರನ್ನು ಸರ್ವಿಸ್‌ಗೆ ಬಿಟ್ಟು ಮನೆಗೆ ಬಂದರೆ ಹಿಂದೆಯೇ ಡೀಲರ್ ಕಡೆಯಿಂದ ಫೋನ್: ‘ಬ್ರೇಕ್ ಮೇಂಟೆನೆನ್ಸ್ ಒಂದು ಮಾಡಿಸಿಬಿಡಿ, ಒಳ್ಳೆಯದು.’ ಬ್ರೇಕ್ ಎಂದ ಕೂಡಲೇ ಹೆದರಿ ಒಪ್ಪಿಬಿಡುವವರಿದ್ದಾರೆ. ಇದೆಲ್ಲ ಸುಲಿಗೆ ಎಂದು ಫೋನ್ ಇಡುವವರೂ ಇದ್ದಾರೆ. ಇಬ್ಬರೂ ನೋಡದೆಯೇ ತೀರ್ಮಾನಿಸಿದವರು. ಆ ಒಂದು ಹೆಸರಿನಡಿ ನಾಲ್ಕೈದು ಬೇರೆ ಬೇರೆ ಕೆಲಸ ಇರುತ್ತವೆ. ಅವುಗಳಲ್ಲಿ ಕೆಲವನ್ನು ತಪ್ಪಿಸಲೇಬಾರದು, ಕೆಲವು ಬೇಕಾಗಿಯೇ ಇಲ್ಲ.

ಹಂತ 1: ಎಸ್ಟಿಮೇಟನ್ನು ಬಿಡಿಸಿ ಬರೆಸಿ. ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ಬಿಲ್ಲೆ), ಪ್ಯಾಡ್ (ಡಿಸ್ಕ್‌ಗೆ ಉಜ್ಜಿ ಅದನ್ನು ನಿಲ್ಲಿಸುವ ತುಂಡು), ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದು ಒತ್ತುವ ಭಾಗ) ಪಿನ್ ಗ್ರೀಸಿಂಗ್, ಬ್ರೇಕ್ ಆಯಿಲ್, ಹಿಂದಿನ ಡ್ರಮ್ ಕ್ಲೀನಿಂಗ್, ಇವೆಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ಬಿಡಿಸಿ ಹೇಳಲಾಗದ ಪ್ಯಾಕೇಜ್ ಬೇಡ.

ಹಂತ 2: ಕಾರಿನ ಮ್ಯಾನುಯಲ್‌ನಲ್ಲಿರುವ ಸರ್ವಿಸ್ ಪಟ್ಟಿ ನೋಡಿ. ಅಲ್ಲಿ ‘ಪರೀಕ್ಷಿಸಿ’ ಮತ್ತು ‘ಬದಲಿಸಿ’ ಎಂದು ಎರಡು ಬಗೆಯ ಸೂಚನೆ ಇರುತ್ತದೆ. ಪ್ಯಾಡ್‌ಗಳ ಮುಂದೆ ಸಾಮಾನ್ಯವಾಗಿ ಇರುವುದು ‘ಪರೀಕ್ಷಿಸಿ’ ಮಾತ್ರ.

ಹಂತ 3: ಪ್ಯಾಡ್ ಅಳತೆ. ಹೆಚ್ಚು ಜನ ಎಡವುವುದು ಇಲ್ಲೇ. ‘ಅರ್ಧ ಸವೆದಿದೆ’, ‘ಶೇ 40 ಉಳಿದಿದೆ’ ಎಂಬ ಮಾತಿನಿಂದ ಏನೂ ತಿಳಿಯದು. ಎಷ್ಟು ಮಿಲಿಮೀಟರ್ ಎಂದು ಕೇಳಿ. ಹೊಸ ಪ್ಯಾಡ್‌ನಲ್ಲಿ ಉಜ್ಜುವ ಪದಾರ್ಥ ಸಾಮಾನ್ಯವಾಗಿ 8ರಿಂದ 12 ಮಿ.ಮೀ. ದಪ್ಪ ಇರುತ್ತದೆ. ಅದು 3 ಮಿ.ಮೀ.ಗೆ ಇಳಿದರೆ ಚೌಕಾಸಿ ಬೇಡ, ಬದಲಿಸಿ. ಅಳೆಯುವಾಗ ಹಿಂಬದಿಯ ಉಕ್ಕಿನ ತಟ್ಟೆಯನ್ನು ಸೇರಿಸಬಾರದು. ಆ ತಟ್ಟೆಯೇ ಸುಮಾರು 5 ಮಿ.ಮೀ. ಇರುವುದರಿಂದ, ಮುಗಿದುಹೋದ ಪ್ಯಾಡ್ ಕೂಡ ‘ಇನ್ನೂ ದಪ್ಪಗಿದೆ’ ಅನಿಸುತ್ತದೆ.

ಇದಕ್ಕಿಂತ ದೊಡ್ಡ ತಪ್ಪು, ಚಕ್ರದ ಸಂದಿಯಿಂದ ಇಣುಕಿ ತೃಪ್ತರಾಗುವುದು. ಅಲ್ಲಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಸಾಮಾನ್ಯ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ. ಅದು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಆ ಕಡೆಯಿಂದ ಎಳೆದು ಒತ್ತುತ್ತದೆ. ಪಿನ್ ಬಿಗಿದುಕೊಂಡರೆ ಒಳಗಿನ ಪ್ಯಾಡೊಂದೇ ದುಡಿದು ಸವೆಯುತ್ತದೆ. ಹೊರಗಿನದು 7 ಮಿ.ಮೀ. ಇರುವಾಗ ಒಳಗಿನದು ತಟ್ಟೆ ಮುಟ್ಟಿರಬಹುದು! ಆದ್ದರಿಂದ ಚಕ್ರ ಬಿಚ್ಚಿಸಿ, ಪ್ರತಿ ಚಕ್ರದ ಒಳ ಮತ್ತು ಹೊರ ಪ್ಯಾಡ್‌ಗಳ ಅಳತೆಯನ್ನು ಬೇರೆಬೇರೆಯಾಗಿ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಗೇಜ್ ಇಟ್ಟು ತೆಗೆದ ಫೋಟೊ ಕೇಳಲು ಸಂಕೋಚ ಬೇಡ. ಎರಡರ ನಡುವೆ 2 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ, ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ, ಪಿನ್ ಅಥವಾ ಪಿಸ್ಟನ್ ಸರಿಯಾಗಿ ಚಲಿಸುತ್ತಿಲ್ಲವೆಂದೇ ಅನುಮಾನಿಸಬೇಕು. ಬರೀ ಪ್ಯಾಡ್ ಬದಲಿಸಿದರೆ ಹೊಸದೂ ಹಾಗೆಯೇ ಸವೆಯುತ್ತದೆ.

ಅಳತೆ ಕೈಯಲ್ಲಿದ್ದರೆ ಲೆಕ್ಕ ಸುಲಭ. 10 ಮಿ.ಮೀ. ಇದ್ದದ್ದು 30,000 ಕಿ.ಮೀ. ಓಡಿ 6ಕ್ಕೆ ಇಳಿದಿದೆ ಎಂದುಕೊಳ್ಳಿ. ಇದೇ ವೇಗದಲ್ಲಿ ಸವೆದರೆ 3ಕ್ಕೆ ಬರಲು ಇನ್ನೂ 22,500 ಕಿ.ಮೀ. ಬೇಕು. ಮುಂದಿನ ಸರ್ವಿಸ್ 10,000 ಕಿ.ಮೀ.ಗೆ ಇದ್ದರೆ ಈಗ ಬೇಡವೆನ್ನಿ, ಆಗ ಮತ್ತೆ ಅಳೆಸಿ.

ಹಂತ 4: ‘ಕ್ಲೀನಿಂಗ್’ ಎಂದರೆ ಏನು ಮಾಡುತ್ತಾರೆ ಎಂದು ಕೇಳಿ. ಚಕ್ರ ಬಿಚ್ಚಿ ಮೇಲಿಂದ ಸ್ಪ್ರೇ ಹೊಡೆದರೆ ಧೂಳು ಹೋಗುತ್ತದೆ, ಅಷ್ಟೆ. ಅದಕ್ಕೆ ಹಣ ಕೊಡಬೇಡಿ. ಪಿನ್‌ಗಳನ್ನು ಹೊರತೆಗೆದು, ಹಳೆಯ ಗ್ರೀಸ್ ಒರೆಸಿ, ಪ್ಯಾಡ್ ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಹೊಸ ಗ್ರೀಸನ್ನು ತೆಳುವಾಗಿ ಸವರಿದರೆ ಅದು ನಿಜವಾದ ಕೆಲಸ. ಮಳೆ, ಕೆಸರು, ಕಡಲಗಾಳಿಯಲ್ಲಿ ಓಡುವ ಕಾರಿಗೂ ತಿಂಗಳುಗಟ್ಟಲೆ ನಿಂತೇ ಇರುವ ಕಾರಿಗೂ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸೇವೆ. ಗ್ರೀಸ್ ಮಾತ್ರ ಬ್ರೇಕ್‌ಗೆಂದೇ ತಯಾರಿಸಿದ ಸಿಲಿಕೋನ್ ಬಗೆಯದು ಅಥವಾ ತಯಾರಕರು ಹೇಳಿದ್ದೇ ಆಗಿರಬೇಕು. ಬೇರಿಂಗ್‌ಗೆ ಹಾಕುವ ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ, ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಕಿರುಗುಟ್ಟುವ ಸದ್ದು ನಿಲ್ಲಲೆಂದು ಡಿಸ್ಕ್ ಮೇಲೆ ಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಹಾಕುವವರೂ ಇದ್ದಾರೆ. ಅದು ಪ್ರಾಣಾಪಾಯದ ಕೆಲಸ. ಆ ಸದ್ದು ಪ್ಯಾಡ್ ಮುಗಿಯಿತೆಂಬ ಎಚ್ಚರಿಕೆಯೂ ಆಗಿರಬಹುದು.

ಹಂತ 5: ಬ್ರೇಕ್ ಆಯಿಲ್. ಕಾರು ಕಡಿಮೆ ಓಡಿದೆ ಎಂದು ಇದನ್ನು ಮುಂದೂಡಬೇಡಿ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಆದ್ದರಿಂದ ಹೆಚ್ಚಿನ ತಯಾರಕರು ವರ್ಷದ ಲೆಕ್ಕದಲ್ಲಿ, 2 ಅಥವಾ 3 ವರ್ಷಕ್ಕೊಮ್ಮೆ, ಬದಲಿಸಲು ಹೇಳುತ್ತಾರೆ. ಹೊಸ ಡಾಟ್ 4 ದರ್ಜೆಯ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು ಶೇ 3.7ರಷ್ಟು ನೀರು ಸೇರಿದಾಗ ಅದರ ಕನಿಷ್ಠ ಮಿತಿ 155. ಡಾಟ್ 3 ಆದರೆ ಕ್ರಮವಾಗಿ 205 ಮತ್ತು 140. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಬಣ್ಣ ನೋಡಿ ತೇವ ತಿಳಿಯದು. ತಿಳಿಯಾಗಿ ಕಂಡದ್ದರಲ್ಲೂ ನೀರಿರಬಹುದು.

ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಹಳೆಯದನ್ನು ಹೀರಿ ಹೊಸದು ತುಂಬಿದರೆ ಬದಲಿಸಿದಂತಾಗಲಿಲ್ಲ. ಹೆಚ್ಚು ಬಿಸಿಯಾಗುವ ಕ್ಯಾಲಿಪರ್‌ನಲ್ಲಿ ಹಳೆಯದೇ ಉಳಿದಿರುತ್ತದೆ. ನಾಲ್ಕೂ ಚಕ್ರಗಳ ಬ್ಲೀಡರ್‌ನಿಂದ (ಆಯಿಲ್ ಹೊರಬಿಡುವ ತಿರುಪಿನಿಂದ) ಹೊಸ ಆಯಿಲ್ ಬರುವವರೆಗೆ ಹಳೆಯದನ್ನು ಹೊರಬಿಡಬೇಕು. ಡಾಟ್ 5 ಸಿಲಿಕೋನ್ ದ್ರವ, ಉಳಿದವುಗಳ ಜೊತೆ ಬೆರೆಸುವಂತಿಲ್ಲ. ಇನ್ನೊಂದು ಮಾತು: ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಮಟ್ಟ ಇಳಿಯುವುದು ಸಹಜ, ಸುಮ್ಮನೆ ಟಾಪ್‌ಅಪ್ ಮಾಡಿದರೆ ಆ ಸುಳಿವು ಮುಚ್ಚಿಹೋಗುತ್ತದೆ. ಪ್ಯಾಡ್ ದಪ್ಪಗಿದ್ದೂ ಮಟ್ಟ ಇಳಿದರೆ ಸೋರಿಕೆ ಹುಡುಕಿಸಿ.

ಹಂತ 6: ಡಿಸ್ಕ್. ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತದೆ. ಅಂಚಿನಲ್ಲಿ ಸವೆಯದೆ ಉಳಿದ ಏಣು ಅಳತೆ ತಪ್ಪಿಸುತ್ತದೆ, ಹಾಗಾಗಿ ಮೈಕ್ರೋಮೀಟರ್‌ನಿಂದ ಅಳೆಸಿ. ಪ್ಯಾಡ್ ಬದಲಿಸಿದಾಗಲೆಲ್ಲ ಡಿಸ್ಕ್ ಸ್ಕಿಮ್ಮಿಂಗ್ (ಮೇಲ್ಮೈಯನ್ನು ಕೆತ್ತಿ ಸಮ ಮಾಡುವುದು) ಬೇಕಿಲ್ಲ. ಬ್ರೇಕ್ ಒತ್ತಿದಾಗ ಪೆಡಲ್ ಅದುರುತ್ತಿದ್ದರೆ, ಮತ್ತು ಕೆತ್ತಿದ ಮೇಲೂ ದಪ್ಪ ಆ ಕನಿಷ್ಠ ಅಂಕಿಗಿಂತ ಮೇಲಿದ್ದರೆ ಮಾತ್ರ ಒಪ್ಪಿ. ರಾತ್ರಿ ಕಳೆದು ಡಿಸ್ಕ್ ಮೇಲೆ ಕಾಣುವ ತೆಳು ತುಕ್ಕು ನಾಲ್ಕು ಬಾರಿ ಬ್ರೇಕ್ ಹಾಕಿದರೆ ಹೋಗುತ್ತದೆ.

ಹಂತ 7: ಯಾರಲ್ಲಿ ಮಾಡಿಸುವುದು? ಪ್ಯಾಡ್ ಬದಲಿಸುವುದು ಒಳ್ಳೆಯ ಹೊರಗಿನ ಮೆಕ್ಯಾನಿಕ್‌ಗೂ ಕಷ್ಟವಲ್ಲ. ಆದರೆ ಹೆಸರಿಲ್ಲದ ಅಗ್ಗದ ಪ್ಯಾಡ್ ಬೇಡ, ಮತ್ತು ಎಡ-ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ. ಹಿಂದೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಹೆಚ್ಚಿನ ಕಾರುಗಳಲ್ಲಿ ಅದನ್ನು ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು. ಆ ಸೌಲಭ್ಯ ಇಲ್ಲದವರು ಪಿಸ್ಟನ್ ಬಲವಂತವಾಗಿ ತಳ್ಳಿದರೆ ಮೋಟರ್ ಹಾಳಾಗಬಹುದು. ಅಂಥ ಕಾರಿಗೆ ಡೀಲರ್ ಕೇಳುವ ಹೆಚ್ಚಿನ ಕೂಲಿಗೆ ಅರ್ಥವಿದೆ.

ಹಳೆಯ ಪ್ಯಾಡ್‌ಗಳನ್ನು ಕೇಳಿ ಪಡೆಯಿರಿ, ಅಳತೆ ತಾಳೆ ನೋಡಿ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ, ಮೊದಲ ಒತ್ತಿಗೆ ಪೆಡಲ್ ಸೀದಾ ಕೆಳಗಿಳಿಯಬಹುದು. ಕಾರು ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ. ಗಟ್ಟಿಯಾಗದಿದ್ದರೆ ಕೀಲಿಯನ್ನು ಅಲ್ಲೇ ವಾಪಸ್ ಕೊಡಿ.