ಬೆನ್ನೆಲುಬಿನ ಕೀಲುಗಳನ್ನು ನಿಮ್ಮ ಮೈಯಲ್ಲೇ ಹುಡುಕಿ

ಫಿಸಿಯೋಥೆರಪಿ ಓದುವ ಮಕ್ಕಳಿಗೆ ನಾನು ಅನಾಟಮಿ ಕಲಿಸುತ್ತೇನೆ. ಬೆನ್ನೆಲುಬಿನ ಪಾಠ ಬಂದಾಗ ಮೊದಲು ಪುಸ್ತಕ ಮುಚ್ಚಿಸುತ್ತೇನೆ. ಬಾಯಿಪಾಠ ಮಾಡಿದ ಹೆಸರು ಪರೀಕ್ಷೆ ಮುಗಿದ ಮೇಲೆ ನಿಲ್ಲುವುದಿಲ್ಲ. ಮೈ ಆಡಿಸಿ ಕಲಿತದ್ದು ಉಳಿಯುತ್ತದೆ. ನೀವೂ ಮಾಡಿ ನೋಡಿ. ಕತ್ತಿಗೆ ಪೆಟ್ಟು ಬಿದ್ದವರು, ತಲೆಸುತ್ತು ಅಥವಾ ರುಮಟಾಯ್ಡ್ ಸಂಧಿವಾತ ಇರುವವರು ಕತ್ತಿನ ಭಾಗವನ್ನು ಸುಮ್ನೆ ಓದಿಕೊಳ್ಳಿ, ಆಡಿಸಬೇಡಿ.

ಕುರ್ಚಿಯಲ್ಲಿ ನೆಟ್ಟಗೆ ಕೂರಿ. 'ಹೂಂ' ಅಂತ ಗಲ್ಲವನ್ನು ಸ್ವಲ್ಪ ಮಾತ್ರ ಇಳಿಸಿ. ತಲೆಬುರುಡೆ ಮತ್ತು ಮೊದಲ ಮೂಳೆ ಅಟ್ಲಾಸ್ ನಡುವಿನ ಕೀಲು ಆಡಿತು. ಈಗ 'ಊಹೂಂ' ಅಂತ ತಲೆ ತಿರುಗಿಸಿ. ಎರಡನೇ ಮೂಳೆ ಆಕ್ಸಿಸ್‌ನಿಂದ ಒಂದು ಗೂಟ ಎದ್ದು ಅಟ್ಲಾಸ್‌ನ ಉಂಗುರದೊಳಗೆ ನಿಂತಿದೆ. ಆ ಗೂಟದ ಸುತ್ತ ಉಂಗುರ ತಿರುಗುತ್ತದೆ. ಇದು ತಿರುಗಣಿ ಕೀಲು. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಈ ಒಂದೇ ಜಾಗದ್ದು! ಗೂಟ ಹಿಂದೆ ಸರಿಯದಂತೆ ಒಂದು ಅಡ್ಡಪಟ್ಟಿ ಹಿಡಿದಿರುತ್ತದೆ, ಅದರ ಹಿಂದೆಯೇ ಬೆನ್ನುಹುರಿ. ರುಮಟಾಯ್ಡ್ ಸಂಧಿವಾತದಲ್ಲಿ ಈ ಪಟ್ಟಿ ಸಡಿಲವಾಗಬಹುದು. ಎಚ್ಚರಿಕೆ ಹೇಳಿದ್ದು ಅದಕ್ಕೇ.

ಈ ಎರಡು ಕಡೆ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಇಲ್ಲ. ಆಕ್ಸಿಸ್‌ನ ಕೆಳಗಿನಿಂದ ಶುರುವಾಗಿ ಒಟ್ಟು 23 ಡಿಸ್ಕ್‌ಗಳಿವೆ. ಅಲ್ಲಿಂದ ಕೆಳಗೆ ಪ್ರತಿ ಜೋಡಿ ಮೂಳೆಗೆ ಮೂರು ಮುಖ್ಯ ಕೀಲು: ಮುಂದೆ ಡಿಸ್ಕ್, ಹಿಂದೆ ಎಡಕ್ಕೂ ಬಲಕ್ಕೂ ಒಂದೊಂದು ಫೆಸೆಟ್. ಡಿಸ್ಕ್ ಮೃದ್ವಸ್ಥಿಯ ಕೀಲು. ಹೊರಗೆ ನಾರಿನ ಪದರಗಳು, ಒಳಗೆ ಲೋಳೆಯಂಥ ತಿರುಳು. ದಿನವಿಡೀ ಭಾರಕ್ಕೆ ಇದರ ನೀರು ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಎತ್ತರ ಅಳೆದು, ಸಂಜೆ ಮತ್ತೆ ಅಳೆಯಿರಿ. ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಿರುತ್ತದೆ. ಫೆಸೆಟ್ ಮಾತ್ರ ಮೊಣಕಾಲಿನ ಜಾತಿಯದ್ದು, ಒಳಗೆ ಜಾರುವ ದ್ರವವಿರುತ್ತದೆ.

ಕೈ ಎದೆಗೆ ಕಟ್ಟಿ, ಪೃಷ್ಠ ಕದಲದಂತೆ ಭುಜ ತಿರುಗಿಸಿ. ಹೆಚ್ಚು ತಿರುಗುವುದು ಎದೆಯ ಹಿಂಭಾಗ, ಸೊಂಟವಲ್ಲ. ಸೊಂಟದ ಫೆಸೆಟ್‌ಗಳು ತಿರುಗುವುದಕ್ಕೆ ಅಡ್ಡ ನಿಂತಿವೆ. ಒಂದೊಂದು ಜೋಡಿ ಮೂಳೆ ಒಂದೆರಡು ಡಿಗ್ರಿ ತಿರುಗಿದರೆ ಜಾಸ್ತಿ. ಹಿಂದೆ ಮುಂದೆ ಬಾಗುವುದಕ್ಕೆ ಮಾತ್ರ ಧಾರಾಳವಾಗಿ ಬಿಡುತ್ತವೆ. ತುಂಬಿದ ಬಿಂದಿಗೆ ಎತ್ತಿ ಪಕ್ಕಕ್ಕೆ ಇಡುವಾಗ ಸೊಂಟ ತಿರುಚಬೇಡಿ, ಪಾದವನ್ನೇ ತಿರುಗಿಸಿ.

ಕೊನೆಗೆ ಎದ್ದು ನಿಂತು, ಹಿಂದೆ ಸೊಂಟದ ಕೆಳಗಿನ ಎರಡು ಗುಳಿಗಳ ಮೇಲೆ ಹೆಬ್ಬೆರಳಿಡಿ. ಅವುಗಳ ಹತ್ತಿರ ಆಳದಲ್ಲಿ, ಬೆನ್ನೆಲುಬಿನ ಬುಡವನ್ನು ಸೊಂಟದ ಎಲುಬಿಗೆ ಸೇರಿಸುವ ಸ್ಯಾಕ್ರೊಇಲಿಯಾಕ್ ಕೀಲುಗಳಿವೆ. ಒಂದು ಮೊಣಕಾಲು ಎತ್ತಿ. ಏನೂ ಗೊತ್ತಾಗದಿದ್ದರೆ ಬೇಸರ ಬೇಡ, ಈ ಕೀಲು ಆಡುವುದೇ ಕೆಲವು ಡಿಗ್ರಿ.