ದುಬೈಯಲ್ಲಿ ಹೊಸ ಸಂಸಾರ: ಕ್ರೈಸ್ತ ದಂಪತಿಗೆ ನಮ್ಮ ಅನುಭವದಿಂದ

ಮಂಗಳೂರು, ಉಡುಪಿ ಕಡೆಯಿಂದ ಮದುವೆಯಾದ ಹೊಸತರಲ್ಲೇ ದುಬೈಗೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಇಗರ್ಜಿಯ, ಅಂದರೆ ಚರ್ಚಿನ, ಮದುವೆ ಪತ್ರ ಇರುತ್ತದೆ. ಫಾದರ್ ಸಹಿ, ಮೊಹರು ಎಲ್ಲ ಇದ್ದರೂ ವೀಸಾದ ಕೆಲಸಕ್ಕೆ ಅದೊಂದೇ ಸಾಲುವುದಿಲ್ಲ. ಉಪನೋಂದಣಿ ಕಚೇರಿಯಲ್ಲಿ ಮದುವೆ ನೋಂದಾಯಿಸಿ, ಅಲ್ಲಿನ ಪ್ರಮಾಣಪತ್ರವನ್ನೇ ದೃಢೀಕರಣಕ್ಕೆ ಕೊಡಬೇಕು. ಅದು ಮೊದಲು ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ, ಈ ಸಾಲಿನಲ್ಲೇ ಹೋಗಬೇಕು. ಯುರೋಪಿಗೆ ಹೋಗುವವರು ಮಾಡಿಸುವ ಅಪೋಸ್ಟೀಲ್ (ಹಲವು ದೇಶಗಳು ಒಪ್ಪುವ ಒಂದೇ ದೃಢೀಕರಣ) ಮುದ್ರೆ ಇಲ್ಲಿ ನಡೆಯುವುದಿಲ್ಲ. ಮಧ್ಯದ ಒಂದು ಮೊಹರು ತಪ್ಪಿದರೂ ಕಾಗದ ಊರಿಗೆ ವಾಪಸು ಹೋಗಬೇಕಾಗುತ್ತದೆ. ಹಾಗಾಗಿ ಟಿಕೆಟ್ ಮಾಡುವ ಮೊದಲೇ ಇದನ್ನು ಮುಗಿಸಿ. ಹೆಂಡತಿಯ ವೀಸಾಕ್ಕೆ, ಮುಂದೆ ಮಗುವಿನ ಜನನ ಪತ್ರಕ್ಕೆ, ಎಲ್ಲಕ್ಕೂ ಕೇಳುವುದು ಇದೇ ಒಂದು ಕಾಗದ.

ನಮ್ಮವರಿಗೆ ಹೆಚ್ಚು ಕಾಡುವುದು ಹೆಸರು. ಇಗರ್ಜಿಯ ದಾಖಲೆಯಲ್ಲಿ ಡಿಸೋಜ ಎಂಬ ಮನೆತನದ ಹೆಸರಿಗೆ ಇಂಗ್ಲಿಷಿನಲ್ಲಿ ನಡುವೆ ಮೇಲ್ಚಿಹ್ನೆ (D'Souza ಎಂಬಂತೆ) ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಇರುವುದಿಲ್ಲ. ಒಬ್ಬರದು ಒಂದೇ ಪದ, ಇನ್ನೊಬ್ಬರದು ಬಿಡಿಸಿ ಬರೆದ ಎರಡು ಪದ. ಮದುವೆ ನೋಂದಣಿಯ ಅರ್ಜಿ ತುಂಬುವಾಗ ಪಾಸ್‌ಪೋರ್ಟನ್ನು ಎದುರಿಗಿಟ್ಟು, ಅಕ್ಷರ ಮತ್ತು ಜಾಗ ಬಿಟ್ಟಿರುವುದನ್ನೂ ಸೇರಿಸಿ ಅದರಂತೆಯೇ ಬರೆಯಿರಿ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ತವರಿನ ಹೆಸರೇ ಇದ್ದರೆ ತೊಂದರೆ ಇಲ್ಲ, ಸಂಬಂಧಕ್ಕೆ ಮದುವೆ ಪತ್ರವೇ ಸಾಕ್ಷಿ. ಬದಲಿಸಲೇಬೇಕೆಂದಿದ್ದರೆ ವೀಸಾಕ್ಕೆ ಮೊದಲೇ ಬದಲಿಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿ ಇರುವವರು ವಿಸಿಟ್ ವೀಸಾದಲ್ಲಿ ಬರಲು ಹೊರಟರೆ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. 2022ರ ನವೆಂಬರಿನಿಂದ ಈ ನಿಯಮ ಇದೆ.

ಗಂಡ ತನ್ನ ಹೆಂಡತಿಗೆ ವೀಸಾ ಮಾಡಿಸಲು ತಿಂಗಳಿಗೆ 4,000 ದಿರ್ಹಮ್ ಸಂಬಳ ಬೇಕು, ಇಲ್ಲವೇ 3,000 ಮತ್ತು ಕಂಪನಿ ಕೊಟ್ಟ ವಸತಿ. ಹೆಂಡತಿ ಬಂದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಎಮಿರೇಟ್ಸ್ ಐಡಿಗೆ ಬೆರಳಚ್ಚು, ಆರೋಗ್ಯ ವಿಮೆ ಒಂದರ ಹಿಂದೆ ಒಂದು ಬರುತ್ತವೆ. ಗರ್ಭಿಣಿಯಾಗಿದ್ದರೆ ಎಕ್ಸ್‌ರೇ ಕೋಣೆಗೆ ಹೋಗುವ ಮೊದಲೇ ಹೇಳಬೇಕು. ವಿಮೆ ಕೊಳ್ಳುವಾಗ ಕಂತಿನ ಮೊತ್ತಕ್ಕಿಂತ ಮೊದಲು ಹೆರಿಗೆ ಖರ್ಚಿನ ಪುಟ ಓದಿ. ಎಷ್ಟು ತಿಂಗಳು ಕಾಯಬೇಕು, ಎಷ್ಟು ಪಾಲು ನಾವೇ ಕಟ್ಟಬೇಕು ಎಂಬುದು ಅಲ್ಲೇ ಇರುತ್ತದೆ.

ಮನೆಯ ಲೆಕ್ಕ ಊರಿನ ಹಾಗಲ್ಲ. ಬಾಡಿಗೆಯನ್ನು ವರ್ಷಕ್ಕೆ ಹೇಳುತ್ತಾರೆ, ಮುಂದಿನ ದಿನಾಂಕ ಹಾಕಿದ ಚೆಕ್ಕುಗಳಲ್ಲಿ ಪಡೆಯುತ್ತಾರೆ. ವರ್ಷಕ್ಕೆ 60,000 ದಿರ್ಹಮಿನ, ಪೀಠೋಪಕರಣ ಇಲ್ಲದ ಮನೆಯನ್ನು ನಾಲ್ಕು ಚೆಕ್ಕಿಗೆ ಒಪ್ಪಿಕೊಂಡರೆ ಮೊದಲ ಚೆಕ್ 15,000. ಅದರ ಮೇಲೆ ಶೇಕಡ 5ರಂತೆ ಮುಂಗಡ ಠೇವಣಿ 3,000, ಏಜೆಂಟರಿಗೆ ಶೇಕಡ 5 ಮತ್ತು ತೆರಿಗೆ ಸೇರಿ 3,150, ನೀರು-ಕರೆಂಟು ಕೊಡುವ ದೇವಾ (DEWA) ಸಂಸ್ಥೆಗೆ ಠೇವಣಿ 2,000. ಬೀಗದ ಕೈ ಸಿಗುವ ಹೊತ್ತಿಗೆ 23,150 ದಿರ್ಹಮ್ ಹೋಗಿರುತ್ತದೆ, ಬಾಡಿಗೆ ಕರಾರನ್ನು ಸರ್ಕಾರದಲ್ಲಿ ದಾಖಲಿಸುವ ಇಜಾರಿ ನೋಂದಣಿಯ ಶುಲ್ಕ ಬೇರೆ. ಬಾಡಿಗೆಯ ಶೇಕಡ 5ರಷ್ಟು ವಸತಿ ಶುಲ್ಕ ದೇವಾ ಬಿಲ್ಲಿನಲ್ಲೇ ಬರುತ್ತದೆ. ಈ ಮನೆಗೆ ಅದು ತಿಂಗಳಿಗೆ 250. ಎಸಿಯ ಚಿಲ್ಲರ್ (ಕಟ್ಟಡಕ್ಕೆಲ್ಲ ಸೇರಿದ ತಂಪು ವ್ಯವಸ್ಥೆಯ) ಬಿಲ್ ಮನೆಯೊಡೆಯರದೋ ನಮ್ಮದೋ ಎಂದು ಸಹಿ ಹಾಕುವ ಮೊದಲೇ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬಜೆಟ್ಟನ್ನೇ ತಿರುಗಿಸಿಬಿಡುತ್ತದೆ. ಹಣ ಉಳಿಸಲು ಒಂದೇ ಫ್ಲ್ಯಾಟಿನಲ್ಲಿ ಹಲಗೆ ಅಡ್ಡ ಹಾಕಿದ ಕೋಣೆಗೆ ಹೋಗುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಇಜಾರಿಯಲ್ಲಿ ಹೆಸರಿಲ್ಲದೆ ಇದ್ದವರನ್ನು ತಪಾಸಣೆಯ ದಿನವೇ ಹೊರಗೆ ಹಾಕಬಹುದು. ಗಂಡಹೆಂಡತಿ ಇಬ್ಬರ ಹೆಸರೂ ದಾಖಲಾಗಿರಲಿ.

ಮನೆ ಹುಡುಕುವಾಗ ಇಗರ್ಜಿಯ ದಾರಿಯನ್ನೂ ನೋಡಿ ಎಂದು ನಾವು ಒತ್ತಿ ಹೇಳುತ್ತೇವೆ. ಊದ್ ಮೇಥಾದ ಸಂತ ಮೇರಿ ಚರ್ಚಿಗೆ ಮೆಟ್ರೋದ ಹಸಿರು ಮಾರ್ಗದ ಊದ್ ಮೇಥಾ ನಿಲ್ದಾಣ ಹತ್ತಿರ. ಬರ್ ದುಬೈ, ಅಲ್ ನಹ್ದಾ, ಕುಸೈಸ್ ಕಡೆಯವರಿಗೆ ಒಂದೇ ರೈಲು. ಕೆಂಪು ಮಾರ್ಗದವರು ಬುರ್ಜುಮಾನಿನಲ್ಲಿ ಬದಲಿಸಬೇಕು. ಜೆಬೆಲ್ ಅಲಿಯ ಅಸಿಸಿಯ ಸಂತ ಫ್ರಾನ್ಸಿಸ್ ಚರ್ಚು ಮರೀನಾ ಕಡೆಯವರಿಗೆ ಸಮೀಪವಾದರೂ ಕಾರಿಲ್ಲದವರಿಗೆ ಅಷ್ಟು ಸುಲಭವಲ್ಲ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮೊದಲಾದ ಪ್ರೊಟೆಸ್ಟೆಂಟ್ ಸಭೆಗಳವರು ಊದ್ ಮೇಥಾದಲ್ಲೇ ಇರುವ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ವಿಚಾರಿಸಬೇಕು. ಮೆಟ್ರೋ ಭಾನುವಾರ ಬೆಳಿಗ್ಗೆ 8ಕ್ಕೆ ಮಾತ್ರ ಶುರು. ಬೆಳಗಿನ ಮೊದಲ ಪೂಜೆ ರೂಢಿಯಾದವರು ಶನಿವಾರ ಸಂಜೆಯ ಪೂಜೆಗೆ ಹೋದರೆ ಭಾನುವಾರದ ಕರ್ತವ್ಯವೂ ತೀರುತ್ತದೆ, ಟ್ಯಾಕ್ಸಿಯೂ ಉಳಿಯುತ್ತದೆ. ಮೆಟ್ರೋ, ಬಸ್ಸಿಗೆ ಬಳಸುವ ಸಿಲ್ವರ್ ನೋಲ್ ಕಾರ್ಡಿನಲ್ಲಿ ವಲಯಕ್ಕೆ ತಕ್ಕಂತೆ ಒಂದು ಪಯಣಕ್ಕೆ 3, 5 ಅಥವಾ 7.50 ದಿರ್ಹಮ್. ಮಹಿಳೆಯರ ಡಬ್ಬಿಗೆ ಗಂಡ ಹತ್ತಿದರೆ ದಂಡ 100 ದಿರ್ಹಮ್, ಹೆಂಡತಿ ಜತೆಗಿದ್ದರೂ ಬಿಡುವುದಿಲ್ಲ.

ಕೊಂಕಣಿ ಸಮುದಾಯದ ಪರಿಚಯ ಮೊದಲ ತಿಂಗಳಲ್ಲೇ ಮಾಡಿಕೊಳ್ಳಿ. ಮನೆ, ಕೆಲಸ, ಒಳ್ಳೆಯ ಹೆರಿಗೆ ಡಾಕ್ಟರು, ಎಲ್ಲದರ ಸುದ್ದಿ ಅಲ್ಲೇ ಸಿಗುತ್ತದೆ. ಊರಿನ ವಿಗಾರರಿಂದ (ಚರ್ಚಿನ ಮುಖ್ಯ ಗುರುಗಳಿಂದ) ಪರಿಚಯ ಪತ್ರ, ಇಬ್ಬರ ಜ್ಞಾನಸ್ನಾನ ಮತ್ತು ದೃಢೀಕರಣ ಸಂಸ್ಕಾರದ ಪತ್ರ ತಂದಿಟ್ಟುಕೊಂಡರೆ ಮಗುವಿನ ಜ್ಞಾನಸ್ನಾನದ ಸಮಯದಲ್ಲಿ ಓಡಾಟ ತಪ್ಪುತ್ತದೆ.

ಇಲ್ಲಿ ಆರಾಧನೆಗೆ ಅಡ್ಡಿಯಿಲ್ಲ, ಆದರೆ ಅದು ಚರ್ಚಿನ ಆವರಣದೊಳಗೆ. ಧರ್ಮ ಪ್ರಚಾರದ ಕರಪತ್ರ ಹಂಚುವುದು ಅಪರಾಧ. ನಮ್ಮವರು ಗಮನಿಸದೆ ಎಡವುವುದು ವಂತಿಗೆಯ ವಿಷಯದಲ್ಲಿ. ಊರಿನ ಇಗರ್ಜಿಯ ಹಬ್ಬಕ್ಕೋ ಯಾರದೋ ಆಪರೇಷನ್ನಿಗೋ ವಾಟ್ಸಾಪ್ ಗುಂಪಿನಲ್ಲಿ ಹಣ ಕೂಡಿಸುವುದಕ್ಕೆ ಇಲ್ಲಿ ಪರವಾನಗಿ ಬೇಕು. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಸಂಘಟಿಸಿದವರ ಮೇಲೆ ಕೇಸಾಗಬಹುದು. ಕೊಡುವುದಿದ್ದರೆ ಊರಿನ ಖಾತೆಗೆ ನೀವೇ ನೇರವಾಗಿ ಕಳಿಸಿ. ರಂಜಾನ್ ಹಗಲಿನಲ್ಲಿ ರಸ್ತೆ, ಬಸ್ಸುಗಳಲ್ಲಿ ತಿನ್ನಬೇಡಿ, ಕುಡಿಯಬೇಡಿ. ಹೋಟೆಲಿನ ಒಳಗೆ ಸಿಗುತ್ತದೆ. 2025ರಲ್ಲಿ ರಂಜಾನ್ ಮಾರ್ಚ್ 1ಕ್ಕೆ, ನಮ್ಮ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂದವು. ಉಪವಾಸದ ದಿನಗಳು ಹೀಗೆ ಜತೆಯಾದಾಗ ಆಫೀಸಿನಲ್ಲಿ ಪರಸ್ಪರ ಅರಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಸಿಗಲಿಕ್ಕಿಲ್ಲ.

ಅಡುಗೆಮನೆಗೆ ಬಂದರೆ, ಕುಚ್ಚಲಕ್ಕಿ, ತೆಂಗಿನೆಣ್ಣೆ, ಬಂಗುಡೆ ಎಲ್ಲವೂ ಸಿಗುತ್ತವೆ. ಊರಿನಿಂದ ಹೊತ್ತು ತರಬೇಕಾಗಿಲ್ಲ. ಗಸಗಸೆಯನ್ನು ಮಾತ್ರ ಒಂದು ಚಮಚವೂ ತರಬಾರದು. ಇಲ್ಲಿ ಅದು ನಿಷೇಧಿತ ಮಾದಕ ವಸ್ತುಗಳ ಸಾಲಿನಲ್ಲಿದೆ. ಅಮ್ಮ ಅರೆದು ಕಟ್ಟಿಕೊಟ್ಟ ಮಸಾಲೆಯಲ್ಲಿ, ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ನೆವ್ರಿಯ (ಕರ್ಜಿಕಾಯಿಯ) ಹೂರಣದಲ್ಲಿ ಅದು ಸೇರಿರಬಹುದು, ಕೇಳಿಯೇ ಕಟ್ಟಿಸಿ. ಸಾಂದ್ರತೆಗೆ ಗೋಡಂಬಿ ಅರೆದು ಹಾಕಿದರೆ ಸಾಕು. ಕೊಡೀನ್, ಟ್ರಮಡಾಲ್ ಇರುವ ಕೆಮ್ಮು, ನೋವಿನ ಮದ್ದಿಗೂ ಮೊದಲೇ ಅನುಮತಿ ಬೇಕು. ಹಂದಿ ಮಾಂಸ ಕೆಲವು ಸೂಪರ್ ಮಾರ್ಕೆಟ್‌ಗಳಲ್ಲಿ ಮುಸ್ಲಿಮೇತರರಿಗೆಂದು ಬೇರೆ ಮಾಡಿದ ಕೋಣೆಯಲ್ಲಿ ಸಿಗುತ್ತದೆ. ಕ್ರಿಸ್ಮಸ್ ಕೇಕಿಗೆ ರಮ್ ಬೇಕಾದರೆ ವಯಸ್ಸು 21 ದಾಟಿರಬೇಕು, ಲೈಸೆನ್ಸ್ ಬೇಕು. 2023ರಿಂದ ದುಬೈಯಲ್ಲಿ ಲೈಸೆನ್ಸಿಗೆ ಶುಲ್ಕವಿಲ್ಲ. ಬಾಟಲಿ ಇಟ್ಟುಕೊಂಡು ಪಕ್ಕದ ಶಾರ್ಜಾ ಕಡೆ ಹೋಗಬೇಡಿ, ಅಲ್ಲಿ ಮದ್ಯ ನಿಷೇಧ.

ಕ್ರಿಸ್ಮಸ್ಸಿಗಾಗಲಿ ಶುಭ ಶುಕ್ರವಾರಕ್ಕಾಗಲಿ ಸರ್ಕಾರಿ ರಜೆ ಇಲ್ಲ. ಕೆಲಸಕ್ಕೆ ಸೇರಿದ ಆರು ತಿಂಗಳ ಮೇಲೆ ತಿಂಗಳಿಗೆ ಎರಡು ದಿನದಂತೆ, ವರ್ಷ ತುಂಬಿದ ಮೇಲೆ ವರ್ಷಕ್ಕೆ 30 ದಿನ ರಜೆ. ಡಿಸೆಂಬರ್ 25ರ ರಜೆಯನ್ನು ಅಕ್ಟೋಬರಿನಲ್ಲೇ ಬರೆದುಕೊಟ್ಟು ಲಿಖಿತ ಒಪ್ಪಿಗೆ ಪಡೆದುಕೊಳ್ಳಿ. ಯೂರೋಪಿನ ಸಹೋದ್ಯೋಗಿಗಳು, ಫಿಲಿಪ್ಪೀನ್ಸಿನವರು, ಕೇರಳದವರು ಎಲ್ಲರೂ ಅದೇ ದಿನ ಕೇಳುತ್ತಾರೆ.

ಇನ್ನೊಂದು ಕಾಗದ ಉಯಿಲು. 2023ರ ಫೆಬ್ರವರಿ 1ರಿಂದ ಜಾರಿಯಲ್ಲಿರುವ ಮುಸ್ಲಿಮೇತರರ ಕಾನೂನಿನಂತೆ, ಉಯಿಲು ಇಲ್ಲದಿದ್ದರೆ ಆಸ್ತಿಯ ಅರ್ಧ ಬದುಕುಳಿದ ಸಂಗಾತಿಗೆ, ಇನ್ನರ್ಧ ಮಕ್ಕಳಿಗೆ ಸಮನಾಗಿ. ಆದರೆ ಖಾತೆದಾರರು ತೀರಿಕೊಂಡರೆ ಕೋರ್ಟಿನ ಆದೇಶ ಬರುವವರೆಗೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ, ಜಂಟಿ ಖಾತೆಗೂ ಇದು ತಗಲಬಹುದು. ಅದಕ್ಕೇ ಹೆಂಡತಿಯ ಹೆಸರಿನಲ್ಲೇ ಬೇರೆ ಖಾತೆ ತೆರೆದು, ಕನಿಷ್ಠ ಮೂರು ತಿಂಗಳ ಖರ್ಚು ಮತ್ತು ಇಬ್ಬರ ಊರಿನ ಟಿಕೆಟ್ಟಿನ ಹಣ ಅದರಲ್ಲಿ ಸದಾ ಇರುವಂತೆ ನೋಡಿಕೊಳ್ಳಿ.